ಅಜ್ಜಿಯ ಟ್ರಂಕಿನ ಫ್ರೆಂಚ್ ಕಾಗದ

ಓದುಗರ ಪತ್ರ: ನಾನು ಮೈಸೂರಿನ ನಿವೃತ್ತ ಶಿಕ್ಷಕಿ. ನಮ್ಮ ತಾಯಿಯ ತಾಯಿ 1903ರಲ್ಲಿ ಪಾಂಡಿಚೇರಿಯಲ್ಲಿ ಹುಟ್ಟಿದವರು. ಅವರ ತವರುಮನೆಯದು ಫ್ರೆಂಚ್ ಹೆಸರು, ಒಂದು ಹೂವಿನ ಹೆಸರು. ಮೂಲಪುರುಷ ಫ್ರೆಂಚ್ ಗವರ್ನರ್ ಡೂಪ್ಲೆ ಜೊತೆ ಹಡಗಿನಲ್ಲಿ ಬಂದವನು ಅಂತ ಅಜ್ಜಿ ಹೇಳುತ್ತಿದ್ದರು. ನಮ್ಮ ಸೋದರಮಾವ ಮಾತ್ರ, ಅವನು ಟಿಪ್ಪುವಿನ ಸೈನ್ಯದಲ್ಲಿದ್ದ ಅನ್ನುತ್ತಾರೆ. ಅಜ್ಜಿಯ ಟ್ರಂಕಿನಲ್ಲಿ ಅವರ ತಂದೆಯ ಜನನ ದಾಖಲೆ ಸಿಕ್ಕಿದೆ, 1874ರದ್ದು. ಅದರಲ್ಲಿ ಮಗುವಿನ ತಾಯಿಯ ಹೆಸರಿನ ಮುಂದೆ ‘ಮಲಬಾರ್’ ಅಂತಿದೆ. ಹಾಗಾದರೆ ಅವರು ಕೇರಳದವರೇ? ನನ್ನ ಮಗ ಡಿಎನ್‌ಎ ಪರೀಕ್ಷೆ ಮಾಡಿಸೋಣ ಅನ್ನುತ್ತಾನೆ. ಅಷ್ಟು ಸಾಕಾ? ಮನೆತನದ ಹೆಸರನ್ನು ದಯವಿಟ್ಟು ಅಚ್ಚು ಹಾಕಬೇಡಿ.

ಸಂಪಾದಕರ ಉತ್ತರ:

ಮೇಡಂ, ನಮಸ್ಕಾರ.

ನೀವು ಕಳಿಸಿದ ನಕಲನ್ನು ಮೂರು ಸಲ ಓದಿದೆ. ಮೊದಲೆರಡು ಸಲ ಆ ಹಡಗಿನವನನ್ನೇ ಹುಡುಕುತ್ತಿದ್ದೆ. ಮೂರನೇ ಸಲ ಕಣ್ಣು ಇಸವಿಯ ಮೇಲೆ ನಿಂತಿತು. ನಿಮ್ಮ ಕೈಯಲ್ಲಿರುವ ದೊಡ್ಡ ಸುಳಿವು ಅದೇ, 1874.

ಪಾಂಡಿಚೇರಿಯಲ್ಲಿ ಫ್ರೆಂಚ್ ಹೆಸರಿಟ್ಟುಕೊಂಡವರೆಲ್ಲ ಫ್ರಾನ್ಸಿನಿಂದ ಬಂದವರ ವಂಶದವರಲ್ಲ. 1881ರ ಸೆಪ್ಟೆಂಬರ್ 21ರಂದು ಒಂದು ಆದೇಶ ಹೊರಟಿತು. ಅಲ್ಲಿನ ಭಾರತೀಯರು ಬೇಕೆಂದರೆ ತಮ್ಮ ಜಾತಿ-ಧರ್ಮದ ಕಟ್ಟಳೆಗಳನ್ನು ಬಿಟ್ಟು ಫ್ರೆಂಚ್ ಸಿವಿಲ್ ಕಾನೂನಿಗೆ ಸೇರಬಹುದು ಅಂತ. ಹಾಗೆ ಸೇರಿದವರನ್ನು ‘ರೆನೊನ್ಸಾಂ’ ಎಂದರು, ಅಂದರೆ ಬಿಟ್ಟುಕೊಟ್ಟವರು. ಅವರು ಮನೆತನಕ್ಕೊಂದು ಹೆಸರು ಆರಿಸಿಕೊಳ್ಳಬೇಕಿತ್ತು. ಎಷ್ಟೋ ಜನ ಫ್ರೆಂಚ್ ಹೆಸರನ್ನೇ ತೆಗೆದುಕೊಂಡರು. ಬೂಟು ಹಾಕಿಕೊಂಡು ಕೋರ್ಟಿಗೆ ಬಂದರು ಅಂತ ದಂಡ ಬಿದ್ದಾಗ ಪ್ಯಾರಿಸ್‌ವರೆಗೂ ಹೋಗಿ ಗೆದ್ದ ವಕೀಲ ಪೊನ್ನುತಂಬಿ ಪಿಳ್ಳೆ ಅವರು ‘ಲಾಪೋರ್ತ್’ ಆದರು. ಹಾಗಂದರೆ ಬಾಗಿಲು. ಇಂಥ ಮನೆಗಳ ಮೊಮ್ಮಕ್ಕಳು ಎಷ್ಟೋ ಸಲ ಫ್ರಾನ್ಸಿನ ಹಳ್ಳಿಗಳಲ್ಲಿ ಇಲ್ಲದ ಅಜ್ಜನನ್ನು ಹುಡುಕುತ್ತಾರೆ. ಇದ್ದ ಅಜ್ಜನ ಕಥೆ ಮಾತ್ರ ಕೈಬಿಟ್ಟು ಹೋಗಿರುತ್ತದೆ. ಅದನ್ನು ನೋಡಿದಾಗ ಸಂಕಟವಾಗುತ್ತದೆ.

ನಿಮ್ಮ ಕಾಗದ ಆ ಆದೇಶಕ್ಕಿಂತ ಏಳು ವರ್ಷ ಹಿಂದಿನದು. ಹೂವಿನ ಹೆಸರು ಆಗಲೇ ಅದರಲ್ಲಿದೆ, ಮಗುವಿನ ತಂದೆಯ ಸಹಿಯಲ್ಲೂ ಇದೆ. ಅಂದಮೇಲೆ ನಿಮ್ಮವರು 1881ರಲ್ಲಿ ಹೆಸರು ಆರಿಸಿಕೊಂಡವರಲ್ಲ. ಇಷ್ಟನ್ನು ಧೈರ್ಯವಾಗಿ ಹೇಳುತ್ತೇನೆ. ಮೂಲಪುರುಷ ಫ್ರಾನ್ಸಿನವನೇ ಅಂತ ಮಾತ್ರ ಇದರಿಂದ ಹೇಳಲು ಬರುವುದಿಲ್ಲ, ಅದಕ್ಕೆ ಇನ್ನೂ ಕಾಗದ ಬೇಕು.

ಆ ಹೂವಿನ ಹೆಸರಿನ ಬಗ್ಗೆ ಒಂದು ಮಾತು. ಹದಿನೆಂಟನೇ ಶತಮಾನದ ಫ್ರೆಂಚ್ ಸೈನ್ಯದಲ್ಲಿ ಸಾಮಾನ್ಯ ಸಿಪಾಯಿಗಳಿಗೆ ಒಂದು ಅಡ್ಡಹೆಸರು ಇರುತ್ತಿತ್ತು. ಲಾಫ್ಲೂರ್ ಅಂದರೆ ಹೂವು, ಸಾನ್‌ಸೂಸಿ ಅಂದರೆ ಚಿಂತೆಯಿಲ್ಲದವನು, ಲಾಜ್ಯೂನೆಸ್ ಅಂದರೆ ಹರೆಯ. ಕೆಲವರಿಗೆ ಅಡ್ಡಹೆಸರೇ ಗಟ್ಟಿಯಾಗಿ ಮಕ್ಕಳಿಗೂ ಇಳಿಯಿತು. ನಿಮ್ಮದೂ ಅಂಥದ್ದೇ ಆಗಿದ್ದರೆ, ಫ್ರಾನ್ಸಿನ ಚರ್ಚಿನ ಪುಸ್ತಕದಲ್ಲಿ ಅವನು ಬೇರೆಯದೇ ಹೆಸರಲ್ಲಿ ಇರುತ್ತಾನೆ. ಹಾಗಾಗಿ ಅಲ್ಲಿಂದ ಹುಡುಕಲು ಶುರು ಮಾಡಬೇಡಿ. ಇಲ್ಲಿಂದ, ಗೊತ್ತಿರುವವರಿಂದ, ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ. ನಡುವೆ ಒಂದು ಮೆಟ್ಟಿಲನ್ನೂ ಹಾರಬೇಡಿ.

ದಾಖಲೆ ಉಳಿದಿದೆಯಾ ಅಂತ ಹೆದರಬೇಡಿ, ಉಳಿದಿದೆ. 1761ರ ಜನವರಿಯಲ್ಲಿ ಇಂಗ್ಲಿಷರು ಪಾಂಡಿಚೇರಿಯನ್ನು ಗೆದ್ದು ಊರನ್ನೇ ನೆಲಸಮ ಮಾಡಿದರು. ಆಮೇಲೆ ಕಡಲ ಗಾಳಿ, ಗೆದ್ದಲು ಬೇರೆ. ಆದರೆ 1776ರಲ್ಲಿ ಫ್ರಾನ್ಸಿನ ರಾಜ ಒಂದು ನಿಯಮ ಮಾಡಿದ. ವಸಾಹತುಗಳಲ್ಲಿ ನಡೆದ ಹುಟ್ಟು, ಮದುವೆ, ಸಾವಿನ ಪುಸ್ತಕಗಳ ಇನ್ನೊಂದು ಪ್ರತಿ ಪ್ಯಾರಿಸ್ ಹತ್ತಿರದ ವರ್ಸೈಗೆ ಬರಬೇಕು ಅಂತ. ಆ ಒಂದು ನಿಯಮಕ್ಕೆ ಎಷ್ಟು ಕೈ ಮುಗಿದರೂ ಕಡಿಮೆಯೇ. ಆ ಪ್ರತಿಗಳು ಈಗ ದಕ್ಷಿಣ ಫ್ರಾನ್ಸಿನ ಏಕ್ಸ್-ಆನ್-ಪ್ರೊವಾನ್ಸ್ ಊರಿನ ಸಾಗರೋತ್ತರ ಪತ್ರಾಗಾರದಲ್ಲಿವೆ. ನೂರು ವರ್ಷ ದಾಟಿದ ಪುಸ್ತಕಗಳ ಪುಟಗಳನ್ನು ಅವರು ಇಂಟರ್‌ನೆಟ್‌ನಲ್ಲಿ ಹಾಕಿದ್ದಾರೆ. ಪಾಂಡಿಚೇರಿ, ಕಾರೈಕಾಲ್, ಮಾಹೆ, ಯಾನಂ, ಚಂದ್ರನಗರ ಎಲ್ಲವೂ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ. ಅಜ್ಜಿಯ 1903ರ ದಾಖಲೆಯೂ ಅಲ್ಲೇ ಸಿಗಬೇಕು. ನೂರು ವರ್ಷಕ್ಕಿಂತ ಈಚಿನ, ಫ್ರೆಂಚ್ ಪ್ರಜೆಗಳ ದಾಖಲೆ ಬೇಕಾದರೆ ನಾಂತ್ ನಗರದ ಕೇಂದ್ರ ನೋಂದಣಿ ಕಚೇರಿಗೆ ಬರೆಯಬೇಕು. ನಮ್ಮ ರಾಷ್ಟ್ರೀಯ ಪತ್ರಾಗಾರದ ಒಂದು ದಾಖಲೆ ಕೇಂದ್ರ ಪುದುಚೇರಿಯಲ್ಲೇ ಇದೆ. ಮೈಸೂರಿನಿಂದ ಒಂದು ಸಲ ಹೋಗಿ ಬರುವುದು ಕಷ್ಟವಲ್ಲ.

ಪುಟಗಳನ್ನು ಮೊದಲ ಸಲ ತೆರೆದಾಗ ತಲೆ ತಿರುಗುತ್ತದೆ. ಹಿಂದಿನ ಪುಟದ ಶಾಯಿ ಈ ಪುಟಕ್ಕೆ ಇಳಿದಿರುತ್ತದೆ. ಹಳೆಯ ಕೈಬರಹದಲ್ಲಿ ‘ಎಸ್’ ಅಕ್ಷರ ‘ಎಫ್’ ಥರ ಕಾಣುತ್ತದೆ. ಅಂಚಿನಲ್ಲಿ ಹೆಸರು ಬರೆದಿರುತ್ತಾರೆ, ಮೊದಲು ಬರೀ ಅಂಚುಗಳನ್ನೇ ನೋಡುತ್ತಾ ಹೋಗಿ. ಆಮೇಲೆ ಪುಟದ ಕೆಳಗೆ ನೋಡಿ. ಸಹಿ ಇದೆಯೋ, ‘ಸಹಿ ಹಾಕಲು ಬಾರದು ಎಂದು ತಿಳಿಸಿದರು’ ಅಂತಿದೆಯೋ? ಅದರಿಂದಲೇ ಒಂದು ಮನೆಯ ಸ್ಥಿತಿ ಅರ್ಧ ಗೊತ್ತಾಗುತ್ತದೆ. ನಿಮ್ಮ 1874ರ ಕಾಗದದಲ್ಲಿ ತಂದೆಯ ಸಹಿ ಒಂದೇ ಎಳೆತದಲ್ಲಿ ಬಿದ್ದಿದೆ. ಕಡೆಯಲ್ಲಿ ಬಾಲ ಸುತ್ತಿ, ಅಡಿಯಲ್ಲಿ ಎರಡು ಚುಕ್ಕೆ ಇಟ್ಟಿದ್ದಾರೆ. ಗುಮಾಸ್ತ ಅಂತ ಉದ್ಯೋಗ ಬರೆದಿರುವುದಕ್ಕೆ ಸರಿಯಾಗಿ, ದಿನವೂ ಲೇಖನಿ ಹಿಡಿದ ಕೈ ಅದು.

ಹುಟ್ಟಿನ ದಾಖಲೆಗಿಂತ ಮದುವೆಯ ದಾಖಲೆಗೆ ಜಾಸ್ತಿ ಬೆಲೆ. ಫ್ರಾನ್ಸಿನಿಂದ ಬಂದವನು ಇಲ್ಲಿ ಮದುವೆಯಾದಾಗ ಪಾದ್ರಿಗಳು ಅವನ ಅಪ್ಪ-ಅಮ್ಮನ ಹೆಸರು, ಹುಟ್ಟೂರಿನ ಚರ್ಚು, ಆ ಊರು ಯಾವ ಬಿಷಪ್ಪರಿಗೆ ಸೇರಿದ್ದು ಅಂತಲೂ ಬರೆಯುತ್ತಿದ್ದರು. ಆ ಒಂದು ಸಾಲು ಸಿಕ್ಕಿದರೆ ಸಮುದ್ರ ದಾಟಿದಂತೆ. ಅಲ್ಲಿಂದ ಮುಂದೆ ಫ್ರಾನ್ಸಿನ ಜಿಲ್ಲಾ ಪತ್ರಾಗಾರಗಳಿವೆ. ಬ್ಯಾಪ್ಟಿಸಮ್ ಬರೆದಿಡಬೇಕು ಅಂತ ಅಲ್ಲಿ 1539ರಲ್ಲೇ ಆಜ್ಞೆಯಾಗಿತ್ತು. ಪಾಂಡಿಚೇರಿಯ ಪುಸ್ತಕಗಳ ಸಾರಾಂಶವನ್ನು 1676ರಿಂದ ಹಿಡಿದು, ಗವರ್ನರ್ ಆಲ್ಫ್ರೆಡ್ ಮಾರ್ಟಿನೊ 1911ರಲ್ಲಿ ಕಟ್ಟಿದ ಇತಿಹಾಸ ಸಂಘ ಅಚ್ಚು ಹಾಕಿಸಿದೆ. ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಬಂದವರ ಪಟ್ಟಿಗಳು ಫ್ರಾನ್ಸಿನ ಲೋರಿಯಾನ್ ಬಂದರಿನಲ್ಲಿ ಉಳಿದಿವೆ.

ಡೂಪ್ಲೆ ಜೊತೆ ಬಂದ ಅನ್ನುವ ಮಾತನ್ನು ಅಕ್ಷರಕ್ಕೆ ಅಕ್ಷರ ಹಿಡಿಯಬೇಡಿ. ಡೂಪ್ಲೆ ಪಾಂಡಿಚೇರಿಗೆ ಬಂದದ್ದು 1722ರಲ್ಲಿ, ಗವರ್ನರ್ ಆಗಿದ್ದದ್ದು 1742ರಿಂದ 1754ರವರೆಗೆ. ಮನೆಗಳಲ್ಲಿ ‘ಡೂಪ್ಲೆ ಜೊತೆ’ ಅಂದರೆ ‘ತುಂಬ ಹಿಂದೆ’ ಅಂತಲೂ ಆಗಬಹುದು. ಸೋದರಮಾವನ ಮಾತನ್ನೂ ತಳ್ಳಿಹಾಕಬೇಡಿ. 1798ರ ಜನವರಿಯಲ್ಲಿ ಇಲ್-ದ-ಫ್ರಾನ್ಸ್, ಅಂದರೆ ಇಂದಿನ ಮಾರಿಷಸ್, ಅಲ್ಲಿನ ಗವರ್ನರ್ ಮಲಾರ್ತಿಕ್ ಟಿಪ್ಪುವಿನ ಪರ ಹೋರಾಡಲು ಜನ ಬೇಕೆಂದು ಸಾರಿದ. ಸುಮಾರು ನೂರು ಜನ ಏಪ್ರಿಲ್‌ನಲ್ಲಿ ಮಂಗಳೂರಿನಲ್ಲಿ ಇಳಿದರು. ಇವನು ಅವರಲ್ಲಿ ಒಬ್ಬನಾಗಿದ್ದರೆ ಅವನ ಹಿಂದಿನ ಜಾಡು ಮಾರಿಷಸ್‌ನ ಪುಸ್ತಕಗಳಲ್ಲಿ ಸಿಗಬೇಕು. ಆ ಪುಸ್ತಕಗಳಲ್ಲಿ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ತಂದ ಬೇರೆ ಕ್ಯಾಲೆಂಡರಿನ ತಿಂಗಳುಗಳಿದ್ದರೆ ಗಾಬರಿಯಾಗಬೇಡಿ, 1805ರ ಕೊನೆಗೆ ಆ ಕ್ಯಾಲೆಂಡರು ನಿಂತುಹೋಯಿತು.

ಈಗ ‘ಮಲಬಾರ್’ ವಿಷಯ. ನಾನೂ ಒಂದು ಕಾಲದಲ್ಲಿ ಈ ಪದದಿಂದ ದಾರಿ ತಪ್ಪಿ, ಎರಡು ಸಂಜೆ ಕೇರಳ ಕರಾವಳಿಯ ಮಾಹೆಯ ಪುಸ್ತಕಗಳಲ್ಲಿ ಕಳೆದಿದ್ದೇನೆ. ಪಾಂಡಿಚೇರಿಯ ಫ್ರೆಂಚರು ತಮಿಳರನ್ನೇ ಮಲಬಾರ್ ಅನ್ನುತ್ತಿದ್ದರು. ನಿಮ್ಮ ಮುತ್ತಜ್ಜನ ತಾಯಿ ತಮಿಳರು, ಬಹುಶಃ ಅದೇ ಊರಿನವರು. ಹಿಂದಕ್ಕೆ ಹೋದಂತೆ ‘ತೊಪಾಸ್’ ಅನ್ನುವ ಪದವೂ ಎದುರಾಗಬಹುದು. ಪೋರ್ಚುಗೀಸ್ ಹೆಸರು, ಇಲ್ಲಿನ ರಕ್ತ, ತಲೆಗೆ ಟೋಪಿ, ಅಂಥ ಕ್ರೈಸ್ತರನ್ನು ಹಾಗೆ ಕರೆಯುತ್ತಿದ್ದರು.

ಡಿಎನ್‌ಎ ಪರೀಕ್ಷೆ ಮಾಡಿಸಿ, ತಪ್ಪೇನಿಲ್ಲ. ಆದರೆ ಲೆಕ್ಕ ನೋಡಿ. ನಿಮ್ಮಿಂದ ಎಂಟು ತಲೆಮಾರು ಹಿಂದೆ ಹೋದರೆ ಡೂಪ್ಲೆಯ ಕಾಲ. ಆ ಸಾಲಿನಲ್ಲಿ ನಿಮಗೆ 256 ಹಿರಿಯರು. ಹಡಗಿನವನು ಅವರಲ್ಲಿ ಒಬ್ಬ. ಅವನದು ಅಂತ ನಿಮ್ಮಲ್ಲಿ ಉಳಿದಿರುವುದು ಅರ್ಧ ಪರ್ಸೆಂಟಿಗಿಂತ ಕಡಿಮೆ. ಅಷ್ಟನ್ನು ಪರೀಕ್ಷೆ ಹಿಡಿಯಲಿಕ್ಕಿಲ್ಲ, ಹಿಡಿದರೂ ಹೆಸರು ಹೇಳುವುದಿಲ್ಲ.

ನಿಮ್ಮ ಪತ್ರದುದ್ದಕ್ಕೂ ಅವನೊಬ್ಬನೇ ಇದ್ದಾನೆ. ಅವನನ್ನು ಮದುವೆಯಾದವರು ಯಾರು ಅಂತ ನೀವು ಕೇಳಿಲ್ಲ. ಮೇಡಂ, ನನ್ನ ಮನಸ್ಸು ಇರುವುದು ಅಲ್ಲಿ. ಡೂಪ್ಲೆಯ ಹೆಂಡತಿ ಜಾನ್ ಆಲ್ಬೆರ್ ಅವರನ್ನೇ ತೆಗೆದುಕೊಳ್ಳಿ. 1706ರಲ್ಲಿ ಪಾಂಡಿಚೇರಿಯಲ್ಲೇ ಹುಟ್ಟಿದವರು. ಅಪ್ಪ ಕಂಪನಿಯ ಫ್ರೆಂಚ್ ವೈದ್ಯ. ಅಮ್ಮ ದ ಕಾಸ್ತ್ರೊ ಮನೆತನದವರು, ಪೋರ್ಚುಗೀಸ್-ಭಾರತೀಯ ಮೂಲ. ಗವರ್ನರ್ ಮನೆಯೇ ಹಾಗಿದ್ದಮೇಲೆ ಸಿಪಾಯಿಯ ಮನೆ ಹೇಗಿದ್ದೀತು? ಅಷ್ಟು ದೂರದಿಂದ ಬರುತ್ತಿದ್ದ ಹಡಗುಗಳಲ್ಲಿ ಹೆಂಗಸರು ತೀರಾ ಕಡಿಮೆ. ಬಂದವರು ಇಲ್ಲಿಯವರನ್ನೇ ಮದುವೆಯಾದರು. ಫ್ರೆಂಚ್ ದಾಖಲೆಯಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ, ಮದುವೆಯಾದಮೇಲೂ ಹೆಣ್ಣಿನ ತವರಿನ ಹೆಸರನ್ನೇ ಬರೆಯುತ್ತಾರೆ. ಅದರಿಂದ ತಾಯಂದಿರ ಸಾಲನ್ನೂ ಹಿಡಿದು ಹೋಗಬಹುದು. ನಿಮ್ಮ ಕಾಗದದಲ್ಲಿ ಆ ತಮಿಳು ತಾಯಿಯ ಪೂರ್ತಿ ಹೆಸರಿದೆ. ಮೂರನೇ ಸಾಲಿನಲ್ಲಿ, ಮಡಿಕೆ ಬಿದ್ದ ಕಡೆ. ಭೂತಗನ್ನಡಿ ಹಿಡಿದು ನೋಡಿ.

ಕಾಗದದಲ್ಲಿ ಮಗುವಿನ ತಂದೆಯ ವಯಸ್ಸು 31 ಅಂತಿದೆ. ಹಾಗಾಗಿ ಮೊದಲು ತೆರೆಯಬೇಕಾದದ್ದು 1843ರ ಪುಸ್ತಕ, ಸಿಗದಿದ್ದರೆ ಆಚೆಈಚೆ ಎರಡೆರಡು ವರ್ಷ. ಅವರಿಬ್ಬರ ಮದುವೆಗೆ 1874ರಿಂದ ಹಿಂದಕ್ಕೆ ಹೋಗಿ. ಮೂಲ ಕಾಗದವನ್ನು ಯಾರಿಗೂ ಅಂಚೆಯಲ್ಲಿ ಕಳಿಸಬೇಡಿ, ಲ್ಯಾಮಿನೇಟ್ ಅಂತೂ ಬೇಡವೇ ಬೇಡ. ಮದುವೆಯ ಪುಟ ಸಿಕ್ಕಿದ ದಿನ ನಮಗೊಂದು ಕಾರ್ಡು ಹಾಕಿ. ಆ ತಾಯಿ ಸಹಿ ಹಾಕಿದ್ದಾರಾ ಅಂತ ತಿಳಿಯುವ ಆಸೆ ನನಗಿದೆ.