80ರ ದಶಕದ ಜಪಾನಿ ಮೆಲೋಡಿ: ಎಲ್ಲಿಂದ ಶುರು ಮಾಡೋದು?

ಸಿಟಿ ಪಾಪ್ (ಆ ಕಾಲದ ಜಪಾನಿನ ನಗರ ಶೈಲಿಯ ಪಾಪ್ ಸಂಗೀತ) ಸಾಕಷ್ಟು ಕೇಳಾಯ್ತು, ಈಗ 80ರ ದಶಕದ ನಿಧಾನದ ಹಾಡು ಬೇಕು, ಆದ್ರೆ ಜಪಾನಿ ಬರೋದಿಲ್ಲ ಅಂದಿದ್ದೀರಿ ಅಲ್ವಾ? ಹಾಗಾದರೆ ಜಪಾನಿ ಗಾಯಕಿ ಮತ್ಸುದಾ ಸೇಯ್ಕೊ ಅವರ ‘ಸ್ವೀಟ್ ಮೆಮೊರೀಸ್’ನಿಂದ ಶುರು ಮಾಡಿ. 1983ರಲ್ಲಿ ಅದು ಬಂದಿದ್ದು ಬೇರೊಂದು ಹಾಡಿನ ರೆಕಾರ್ಡಿನ ಹಿಂಬದಿಯಲ್ಲಿ! ಕಾರ್ಟೂನ್ ಪೆಂಗ್ವಿನ್‌ಗಳಿದ್ದ ಸನ್‌ಟೋರಿ ಬಿಯರ್ ಜಾಹೀರಾತಿಗೆ ಇದನ್ನು ಬಳಸಿದರು. ಮೊದಮೊದಲು ಗಾಯಕಿಯ ಹೆಸರೇ ಹಾಕಿರಲಿಲ್ಲ. ಯಾರಪ್ಪಾ ಹಾಡಿದ್ದು ಅಂತ ಜನ ವಿಚಾರಿಸತೊಡಗಿದರು, ಹಾಡು ಗೆದ್ದಿತು. ನಡುವೆ ಒಂದು ಭಾಗ ಇಂಗ್ಲಿಷ್‌ನಲ್ಲೇ ಇದೆ, ನಿಮಗೆ ಸುಲಭ.

ಆಮೇಲೆ ತೆರೆಸಾ ಟೆಂಗ್. ತೈವಾನಿನವರು, ಆದರೂ ಜಪಾನಿನಲ್ಲಿ ಮನೆಮಾತು. 1986ರ ‘ತೊಕಿ ನೊ ನಾಗಾರೆ ನಿ ಮಿ ಒ ಮಕಾಸೆ’ ಕೇಳಿ. ಇದೇ ರಾಗವನ್ನು ಅವರು ಚೀನಿ ಭಾಷೆಯಲ್ಲೂ ಹಾಡಿದ್ದಾರೆ. ನನಗೆ ಜಪಾನಿಯದ್ದೇ ಜಾಸ್ತಿ ಇಷ್ಟ. ಚೀನಿಯದ್ದು ಸ್ವಲ್ಪ ಸಿಹಿ ಹೆಚ್ಚಾಯ್ತು ಅನಿಸುತ್ತದೆ (ಬೈಯಬೇಡಿ!).

ಗಂಡು ದನಿ ಬೇಕಿದ್ದರೆ ಆನ್ಜೆನ್ ಚಿತಾಯ್ ತಂಡದ ತಮಾಕಿ ಕೋಜಿ. 1984ರ ‘ಕೊಯ್ ನೊ ಯೊಕಾನ್’ ಹಾಕಿ. ಮೆಲುದನಿಯಿಂದ ಪಲ್ಲವಿಗೆ ಏರುವ ಜಾಗ ಒಂದಿದೆ, ಅದನ್ನು ಹೆಡ್‌ಫೋನಿನಲ್ಲೇ ಕೇಳಬೇಕು. ಸುಮ್ನೆ ಫೋನಿನ ಸ್ಪೀಕರಿನಲ್ಲಿ ಕೇಳಿ ಹಾಳು ಮಾಡ್ಕೋಬೇಡಿ.