ಡೇರಿ ವೃತ್ತದ ಆ ಪೋಸ್ಟರಿನಿಂದ ಶುರುಮಾಡಿ

ನಮಸ್ಕಾರ.

ಸರ್ಕಾರಿ ಹಣದಲ್ಲಿ ಬರುವ ಮಾದಕ ವಸ್ತು ವಿರೋಧಿ ಜಾಹೀರಾತುಗಳನ್ನು ಟೀಕಿಸಿ ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

ಮೊದಲ ಆರು ಪ್ಯಾರಾಗಳಲ್ಲಿ ‘ತೆರಿಗೆ ಹಣ ಪೋಲು’ ಎಂಬ ಮಾತು ಐದು ಸಲ ಬಂದಿದೆ. ಒಂದು ಜಾಹೀರಾತೂ ಕಣ್ಣಿಗೆ ಕಟ್ಟುವುದಿಲ್ಲ. ಏಳನೆಯದರಲ್ಲಿ ಬೆಂಗಳೂರಿನ ಡೇರಿ ವೃತ್ತದ ಬಸ್ ತಂಗುದಾಣದ ಪೋಸ್ಟರ್ ಬರುತ್ತದೆ: ತಲೆಬುರುಡೆ, ಸೂಜಿ, ಕೆಂಪಕ್ಷರದ ಎಚ್ಚರಿಕೆ. ಗಾಂಜಾ ಬಿಡಲು ಹೆಣಗುತ್ತಿದ್ದ ನಿಮ್ಮ ಚಿಕ್ಕಪ್ಪನ ಮಗ ಅದನ್ನು ನೋಡಿ, ‘ನಾನೇನು ಸೂಜಿ ಚುಚ್ಚಿಕೊಳ್ಳುತ್ತೇನೆಯೇ?’ ಎಂದು ಮುಖ ತಿರುಗಿಸಿದ. ಲೇಖನಕ್ಕೆ ಜೀವ ಬರುವುದು ಅಲ್ಲಿ. ಪೋಸ್ಟರಿನಲ್ಲಿ ಒಂದು ಫೋನ್ ನಂಬರೂ ಇರಲಿಲ್ಲ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಹೋಗಬೇಡಿ, ಅಲ್ಲೇ ನಿಲ್ಲಿ. ವ್ಯಸನಕ್ಕೆ ಚಿಕಿತ್ಸೆ ಕೊಡುವ ನಿಮ್ಹಾನ್ಸ್ ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿದೆ. ಕೇಂದ್ರ ಸರ್ಕಾರದ್ದೇ ಉಚಿತ ಸಹಾಯವಾಣಿ 14446 ಇದೆ. ಆ ಹುಡುಗನಿಗೆ ಬೇಕಾಗಿದ್ದದ್ದು ಆ ಐದು ಅಂಕಿ. ನಿಮ್ಮ ಟೀಕೆಯ ಗಟ್ಟಿ ಕಾಳು ಇದು. ಉಳಿದದ್ದರಲ್ಲಿ ಬಹುಪಾಲು ಹೊಟ್ಟು ಎಂದು ಹೇಳಲೇಬೇಕಾಗಿದೆ.

ಅಮೆರಿಕದ ಉದಾಹರಣೆ ಸರಿಯಾದದ್ದೇ. 1998ರಿಂದ 2004ರವರೆಗೆ ಅಲ್ಲಿನ ಸಂಸತ್ತು ಯುವಜನರ ಮಾದಕ ವಸ್ತು ವಿರೋಧಿ ಪ್ರಚಾರಕ್ಕೆ 120 ಕೋಟಿ ಡಾಲರಿಗೂ ಹೆಚ್ಚು ಕೊಟ್ಟಿತು. ಅದರಿಂದ ಹದಿಹರೆಯದವರ ಸೇವನೆ ತಗ್ಗಿದ್ದಕ್ಕೆ ಪುರಾವೆ ಸಿಗಲಿಲ್ಲ ಎಂದು 2006ರಲ್ಲಿ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧಕರೇ ಹೇಳಿದರು. ಮುಖ್ಯವಾದದ್ದನ್ನು ನೀವು ಬಿಟ್ಟಿದ್ದೀರಿ. ಜಾಹೀರಾತು ಮತ್ತೆ ಮತ್ತೆ ಕಂಡಾಗ ಮಕ್ಕಳು ‘ನನ್ನ ಓರಗೆಯವರೆಲ್ಲ ಸೇದುತ್ತಿದ್ದಾರೆ’ ಎಂದುಕೊಂಡಿರಬಹುದು ಎಂದು ಸಂಶೋಧಕರು ಊಹಿಸಿದರು. ತಡೆಯಲು ಹೊರಟ ಮಾತೇ ಕರೆಯೋಲೆಯಾಗುವ ಅಪಾಯವಿದು. ಇದನ್ನು ಸೇರಿಸಿ, ಊಹೆ ಎಂದೇ ಬರೆಯಿರಿ. ‘ನಮ್ಮಲ್ಲೂ ಇದೇ ಸಾಬೀತಾಗಿದೆ’ ಎಂಬ ಸಾಲನ್ನು ಹೊಡೆದುಹಾಕಿ. ಅಲ್ಲಿ ಅಧ್ಯಯನ ಮಾಡಿದ್ದು ಅಮೆರಿಕದ ಮಕ್ಕಳನ್ನು, ಬೆಂಗಳೂರಿನವರನ್ನಲ್ಲ. ಸಿಟ್ಟು ನ್ಯಾಯವಾಗಿದ್ದಾಗಲೇ ಪುರಾವೆಯಲ್ಲಿ ಹೆಚ್ಚು ಎಚ್ಚರ ಬೇಕು.

ಅಧಿಕಾರಿಗಳೆಲ್ಲ ದುಷ್ಟರೆಂಬ ಕೊನೆಯ ಪುಟ ಬೇಡ.

ನಿಮ್ಮ ಚಿಕ್ಕಪ್ಪನ ಮಗನ ಒಪ್ಪಿಗೆ ಪಡೆದು, ಅವನ ಗುರುತು ಮರೆಸಿ ಬರೆಯಿರಿ. ಬರೆಯುವ ಮೊದಲು ಅವನನ್ನೇ ಕೇಳಿ: ಆ ತಂಗುದಾಣದಲ್ಲಿ ಏನು ಬರೆದಿದ್ದರೆ ನಿಂತು ಓದುತ್ತಿದ್ದೆ? ಅವನ ಉತ್ತರ ಸಿಕ್ಕಮೇಲೆ ಮತ್ತೆ ಕಳುಹಿಸಿ, ಕಾಯುತ್ತಿರುತ್ತೇನೆ. 800 ಪದ ಮೀರದಿರಲಿ.

ಸಂಪಾದಕ