ಶನಿವಾರ ಆ ಕುಲುಮೆಗೆ ಹೋಗ್ಲಾ ಅಂತ ಕೇಳಿದ ತಮ್ಮನಿಗೆ

ತಮ್ಮಾ, ನೀನು ಬರೆದದ್ದು ಓದಿ ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸ್ತು. ಮೈಸೂರಿನಿಂದ ಅಟ್ಲಾಂಟಾಗೆ ಬಂದು ಮೂರು ತಿಂಗಳು. ವಾರವೆಲ್ಲ ಆಫೀಸು, ಶನಿವಾರ ಬಟ್ಟೆ ಒಗೆಯೋದು, ಭಾನುವಾರ ಅಮ್ಮನಿಗೆ ಫೋನು. ಈಗ ಆಫೀಸಿನವನೊಬ್ಬ "ಚಾಕು ಮಾಡೋರೆಲ್ಲ ಈ ಶನಿವಾರ ಸೇರ್ತೀವಿ, ಬಾ" ಅಂದಿದ್ದಾನೆ. "ಅಣ್ಣಾ, ಚಾಕು ಹಿಡಿದ ಗಡ್ಡದವರ ಮಧ್ಯೆ ನನಗೇನು ಕೆಲಸ? ಏನಾದ್ರೂ ತೊಂದ್ರೆ ಆದ್ರೆ?" ಅಂತ ಕೇಳಿದ್ದೀಯ.

ಹೋಗು. ಕಣ್ಮುಚ್ಕೊಂಡು ಹೋಗು ಅನ್ನಲ್ಲ, ಕನ್ನಡಕ ಹಾಕ್ಕೊಂಡು ಹೋಗು. ಕಿಡಿ ಹಾರುತ್ತೆ.

ಇದನ್ನ ಬರೀತಿರೋದು ಪಾಂಡವಪುರದ ಹತ್ರ ನಮ್ಮ ಮನೆ ಜಗಲಿ ಮೇಲೆ ಕೂತು. ಹದಿನೇಳು ವರ್ಷದಿಂದ ನಾನೂ ನೀನಿರೋ ಕಡೆಯೇ ಇದ್ದೀನಿ, ಈಗ ರಜೆಗೆ ಬಂದಿದ್ದೀನಿ. ಮೊದಲ ಎರಡು ವರ್ಷ ನನ್ನದೂ ನಿನ್ನ ಪಾಡೇ. ಕನ್ನಡ ಕೂಟ ಇತ್ತು, ಯುಗಾದಿಗೆ ಒಬ್ಬಟ್ಟು ಸಿಗ್ತಿತ್ತು. ಆದ್ರೆ ಅಲ್ಲೂ ಕೈ ತೊಳೆಯೋ ಮೊದಲೇ ವೀಸಾ ಮಾತು, ಮನೆ ರೇಟಿನ ಮಾತು. ಆ ದೇಶದವರ ಮನೆಯೊಳಗೆ ನಾನು ಕಾಲಿಟ್ಟದ್ದು ಇಂಥದ್ದೇ ಒಂದು ಶೆಡ್ಡಿನ ಮೂಲಕ.

ಈ ಕೂಟಕ್ಕೆ ಅಲ್ಲಿ ಹ್ಯಾಮರ್-ಇನ್ ಅಂತಾರೆ. ಯಾರದೋ ಹಿತ್ತಲ ಶೆಡ್ಡು, ನಾಲ್ಕೈದು ಗ್ಯಾಸ್ ಕುಲುಮೆ, ಕಬ್ಬಿಣ ಇಟ್ಟು ಬಡಿಯೋ ಅಡೆಗಲ್ಲು, ಬೆಲ್ಟ್ ಸಾಣೆ. ಬರೋರು ಪ್ಲಂಬರು, ನರ್ಸು, ಮಿಲಿಟರಿಯಿಂದ ನಿವೃತ್ತರಾದ ಮುದುಕರು. ಒಬ್ಬ ಮಾಡಿ ತೋರಿಸ್ತಾನೆ, ಮಿಕ್ಕವರು ಸುತ್ತ ನಿಂತು ಬಾಯಿ ಹಾಕ್ತಾರೆ. ನಮ್ಮ ಆಲೆಮನೆ ಥರ ಅಂದ್ಕೋ: ಕೆಲಸ ಒಬ್ಬನದು, ಸಲಹೆ ಊರಿನದು. ಊಟಕ್ಕೆ ದನ, ಹಂದಿ ಎರಡೂ ಇರುತ್ತೆ. ನಿನಗೆ ಆಗದಿದ್ರೆ ಚಿತ್ರಾನ್ನ ಕಟ್ಕೊಂಡು ಹೋಗು, ಅರ್ಧ ಅವರೇ ಖಾಲಿ ಮಾಡ್ತಾರೆ.

ನೋಡಲೇಬೇಕಾದ್ದು ಪದರ ಬೆಸೆಯೋದು. ಎರಡು ಜಾತಿ ಉಕ್ಕು ತಗೋತಾರೆ: ಒಂದು 1084 ಅನ್ನೋ ಕಾರ್ಬನ್ ಉಕ್ಕು, ಇನ್ನೊಂದು ನಿಕ್ಕಲ್ ಬೆರೆತ 15ಎನ್20. ಏಳು ಪಟ್ಟಿ ಒಂದರ ಮೇಲೊಂದು ಪೇರಿಸಿ, ಕಾಯಿಸಿ, ಬೋರಾಕ್ಸ್ (ಬಿಳಿಗಾರ) ಉದುರಿಸಿ, ಹಳದಿ ಕಾವಿಗೆ ಬಂದಾಗ ಹೊಡೀತಾರೆ. ಏಳೂ ಒಂದಾಗುತ್ತೆ. ಮೂರು ತುಂಡು ಮಾಡಿ ಮತ್ತೆ ಪೇರಿಸಿದ್ರೆ 21 ಪದರ, ಇನ್ನೊಮ್ಮೆ ಮಾಡಿದ್ರೆ 63. ಆಗ ನೋಡಿದ್ರೆ ಬರೀ ಬೂದು ಕಬ್ಬಿಣ. ಕೊನೆಗೆ ಉಜ್ಜಿ ಫೆರಿಕ್ ಕ್ಲೋರೈಡ್ ದ್ರಾವಣಕ್ಕೆ ಇಳಿಬಿಡ್ತಾರೆ. 1084 ಕಪ್ಪಾಗುತ್ತೆ, ನಿಕ್ಕಲ್ ಇರೋದು ಬೆಳ್ಳಗೇ ಉಳಿಯುತ್ತೆ, ಹೊಳೆ ನೀರಿನ ಸುಳಿಯಂಥ ಗೆರೆ ಮೇಲೆ ಬರುತ್ತೆ. ಆ ಹೊತ್ತಿಗೆ ಎಂಥ ಬಾಯಿಬಡುಕನೂ ಸುಮ್ಮನಾಗ್ತಾನೆ.

ಅದೃಷ್ಟ ಇದ್ರೆ ಪರೀಕ್ಷೆಯೂ ನೋಡಬಹುದು. ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಅಂತ ಚಾಕು ಬಡಿಯೋರ ಸಂಘ ಇದೆ, ಬಿಲ್ ಮೊರಾನ್ ಅನ್ನೋ ಚಾಕು ಕಸುಬಿನವನ ಮುಂದಾಳತ್ವದಲ್ಲಿ 1976ರಲ್ಲಿ ಶುರುವಾದದ್ದು. ಅವರ ಮೊದಲ ಹಂತದ ಬಿರುದು, ಜರ್ನಿಮನ್ ಸ್ಮಿತ್, ಬೇಕಾದ್ರೆ ನೀನೇ ಬಡಿದ ಚಾಕುವಲ್ಲಿ ತೂಗಾಡೋ ಒಂದಿಂಚು ದಪ್ಪದ ಹಗ್ಗ ಒಂದೇ ಏಟಿಗೆ ಕತ್ತರಿಸಬೇಕು. ಆಮೇಲೆ ಮರದ ತೊಲೆ ಎರಡು ಸಲ ಕಡಿದು ತುಂಡು ಮಾಡಬೇಕು. ಅಷ್ಟಾದ ಮೇಲೂ ಅದೇ ಚಾಕುವಿನ ಬಾಯಿ ತೋಳಿನ ಕೂದಲು ಬೋಳಿಸಬೇಕು. ಕೊನೆಗೆ ವೈಸಿಗೆ ಸಿಕ್ಕಿಸಿ 90 ಡಿಗ್ರಿ ಬಗ್ಗಿಸ್ತಾರೆ, ಮುರೀಬಾರದು. ತಿಂಗಳುಗಟ್ಟಲೆ ದುಡಿದು ಮಾಡಿದ್ದನ್ನ ತಾನೇ ಬಗ್ಗಿಸಿ ಹಾಳು ಮಾಡ್ಕೊಂಡವನಿಗೆ ಎಲ್ಲರೂ ಚಪ್ಪಾಳೆ! ಅಲ್ಲಿ ಪಾಸಾದ್ರೆ ಇನ್ನೂ ಐದು ಚಾಕು ಮಾಡಿ, ಜೂನ್‌ನಲ್ಲಿ ನಿಮ್ಮ ಅಟ್ಲಾಂಟಾದಲ್ಲೇ ನಡೆಯೋ ಬ್ಲೇಡ್ ಷೋ ಅನ್ನೋ ಚಾಕು ಮೇಳದಲ್ಲಿ ತೀರ್ಪಿಗಿಡಬೇಕು.

ಮೈಸೂರಿನವನು ಅಂತ ಹೇಳೋಕೆ ಮಾತ್ರ ಮರೀಬೇಡ. ಐಟಿ ಅಂದ್ರೆ ಆ ಮುದುಕರು ಆಕಳಿಸ್ತಾರೆ, ಮೈಸೂರು ಅಂದ್ರೆ ಕುರ್ಚಿ ಎಳೆದು ಕೂರಿಸ್ತಾರೆ. ಕಾರಣ ವೂಟ್ಸ್, ನಮ್ಮ ಕಡೆಯ ಹಳೇ ಹೆಸರಾಂತ ಉಕ್ಕು. ನಮ್ಮ "ಉಕ್ಕು" ಅನ್ನೋ ಮಾತೇ ಇಂಗ್ಲಿಷರ ಬಾಯಲ್ಲಿ ಹಾಗಾಯ್ತು ಅಂತ ಹೇಳೋರು ಬಹಳ. ಅದು ಪದರ ಬೆಸೆದದ್ದಲ್ಲ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ಕಟ್ಟಿಗೆ, ಹಸಿ ಎಲೆ ಹಾಕಿ, ಬಾಯಿ ಮೆತ್ತಿ ಕರಗಿಸಿದ್ದು. ಗೆರೆ ಆ ಉಕ್ಕಿನ ಗಟ್ಟಿಯೊಳಗೇ ಹುಟ್ಟುತ್ತೆ. ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆ ಸುತ್ತಿದಾಗ ಇದನ್ನೆಲ್ಲ ನೋಡಿ ಬರೆದಿಟ್ಟಿದ್ದಾನೆ. ಅದನ್ನ ನಿಮ್ಮ ಜಾರ್ಜಿಯಾ ರಾಜ್ಯದ ಒಬ್ಬ ಮುದುಕನ ಬಾಯಿಂದ ಕೇಳಿಸ್ಕೊಂಡಾಗ, ಶ್ರೀರಂಗಪಟ್ಟಣದ ಪಕ್ಕದಲ್ಲೇ ಹುಟ್ಟಿ ಬೆಳೆದ ನನಗೆ ತಲೆ ತಗ್ಗಿಸೋ ಹಾಗಾಯ್ತು.

ಹಾಗಂತ ಜಂಭ ಮಾತ್ರ ಬೇಡ. ನಾನು ಮಾಡಿ ಕೆಟ್ಟೆ. ನನ್ನ ಮೊದಲ ಚಾಕು ಗಟ್ಟಿಯಾಗಲಿ ಅಂತ ಕಾಯಿಸಿ ಆಗಿತ್ತು, ಅಯಸ್ಕಾಂತಕ್ಕೆ ಅಂಟದಷ್ಟು, ಅಂದ್ರೆ ಸುಮಾರು 770 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. "ಎಣ್ಣೆಗೆ ಅದ್ದು" ಅಂದ್ರು. "ನಮ್ಮೂರ ಆಚಾರ್ರು ನೀರಿಗೇ ಅದ್ದೋದು" ಅಂತ ಪೂರ್ತಿ ನೀರಿಗೆ ಇಳಿಸಿದೆ. ಟಣ್ ಅಂತ ಒಂದು ಸದ್ದು. ಬಾಯಿಂದ ಬೆನ್ನಿನವರೆಗೆ ಕೂದಲೆಳೆಯಷ್ಟು ಬಿರುಕು. ಯಾರೂ ನಗಲಿಲ್ಲ. ಒಬ್ಬ ಅದನ್ನ ಇಸ್ಕೊಂಡು ಗೋಡೆಗೆ ನೇತುಹಾಕಿದ, ಅಲ್ಲಿ ಆಗಲೇ ಇಪ್ಪತ್ತು ಮೂವತ್ತು ಒಡೆದ ಚಾಕು ನೇತಾಡ್ತಿದ್ವು.

ನಿನ್ನೆ ನಮ್ಮೂರ ಕುಲುಮೆಯಲ್ಲಿ ಆಚಾರ್ರಿಗೆ ಈ ಕಥೆ ಹೇಳಿದೆ. ತಿದಿ ಹೋಗಿ ಕರೆಂಟಿನ ಬ್ಲೋವರ್ ಬಂದಿದೆ, ಮಿಕ್ಕಿದ್ದೆಲ್ಲ ಹಾಗೇ ಇದೆ. ಕಬ್ಬು ಕಡಿಯೋ ಮಚ್ಚಿಗೆ ಹದ ಕೊಡ್ತಿದ್ರು. ಮಚ್ಚಿನ ಬಾಯಿ ಮಾತ್ರ, ಒಂದು ಬೆರಳಗಲ, ನೀರಿಗೆ ತಾಗಿಸಿ ತೆಗೆದು ಕಲ್ಲಿಗೆ ಉಜ್ಜಿದ್ರು. ಬೆನ್ನಲ್ಲಿದ್ದ ಕಾವು ಮೆಲ್ಲಗೆ ಇಳಿದು, ಉಜ್ಜಿದ ಜಾಗದಲ್ಲಿ ಒಣಹುಲ್ಲಿನ ಬಣ್ಣ ಹರಿದು ಬಂತು. ಕಂಡಿದ್ದೇ ತಡ, ಮತ್ತೆ ನೀರು. ಆಮೇಲೆ ನನ್ನ ಕಡೆ ತಿರುಗಿ, "ಎಮ್ಮೆ ಕೆರೆಗೆ ಬಿದ್ದಂಗೆ ಮುಳುಗಿಸಿದ್ರೆ ಸೀಳ್ದೆ ಇನ್ನೇನ್ ಮಾಡೀತು ಮಗಾ" ಅಂದ್ರು. ಚಿಕ್ಕಂದಿನಲ್ಲಿ ಅದೇ ಕುಲುಮೆ ಮುಂದೆ ದಿನಾ ಕೂತಿದ್ದವನು ನಾನು, ನೋಡೇ ಇರಲಿಲ್ಲ.

ಶನಿವಾರಕ್ಕೆ ಹತ್ತಿ ಬಟ್ಟೆ, ಚರ್ಮದ ಶೂ. ನೈಲಾನ್ ಬೇಡ, ಕಿಡಿ ಬಿದ್ರೆ ಕರಗಿ ಮೈಗೆ ಅಂಟುತ್ತೆ. ಕಪ್ಪಗಿರೋ ಕಬ್ಬಿಣ ತಣ್ಣಗಿದೆ ಅನ್ಕೋಬೇಡ. ಯಾರ ಚಾಕುವನ್ನೂ ಕೇಳದೆ ಎತ್ತಬೇಡ. ಎತ್ತಿದ್ರೂ ಹಿಡಿ ಹಿಡ್ಕೋ, ಅಲಗಿಗೆ ಬೆರಳು ತಾಗಿಸಬೇಡ, ಬೆವರಿಗೆ ತುಕ್ಕು ಹಿಡಿಯುತ್ತೆ. ಸುಮ್ಮನೆ ನಿಂತಿರಬೇಡ, ಇಕ್ಕಳ ಹಿಡ್ಕೋತೀನಿ ಅನ್ನು. ನಿನ್ನ ಇಂಗ್ಲಿಷ್ ಉಚ್ಚಾರದ ಚಿಂತೆ ಬಿಡು, ಆ ಗಲಾಟೆಯಲ್ಲಿ ಯಾರ ಮಾತೂ ಯಾರಿಗೂ ಕೇಳಲ್ಲ.

ಜೇಬಲ್ಲಿ ಒಂದು ಸೆಂಟಿನ ನಾಣ್ಯ ಇಟ್ಕೋ. ನನ್ನ ಚಾಕು ಒಡೆದ ವರ್ಷವೇ ಆ ಶೆಡ್ಡಿನ ಅಜ್ಜ ತಾನು ಮಾಡಿದ್ದೊಂದನ್ನ ಕೊಟ್ಟು, "ಒಂದು ಸೆಂಟ್ ಕೊಡು" ಅಂದ. ಚಾಕು ಬಿಟ್ಟಿ ಕೊಟ್ರೆ ಸ್ನೇಹ ಕತ್ತರಿಸಿ ಹೋಗುತ್ತಂತೆ. ನಮ್ಮಜ್ಜಿ ನೆನಪಾದ್ಲು: "ಮಚ್ಚು ಕೈಗೆ ಕೊಡಬ್ಯಾಡ, ಕೆಳಗಿಡು, ನಾನೇ ತಗೋತೀನಿ."

ಮುಂದಿನ ತಿಂಗಳು ವಾಪಸ್ ಬರ್ತೀನಿ. ಆಚಾರ್ರ ಕೈಲಿ ಮಾಡಿಸಿದ ಮಚ್ಚೊಂದು ಅಜ್ಜನಿಗೆ ಅಂತ ಚೆಕ್-ಇನ್ ಪೆಟ್ಟಿಗೆ ಸೇರಿದೆ. ಈ ಸಲ ಸೆಂಟ್ ಕೇಳೋ ಸರದಿ ನನ್ನದು.